ಓಟಿನ ಕಾರ್ಡ್ ಇಲ್ಲದಿದ್ದರೆ ಪಂಚಾಯತಿ ಚುನಾವಣೆಯಲ್ಲಿ ಮತ ಹಾಕಬಹುದೇ?

ಪ್ರಶ್ನೆ: ನಮ್ಮೂರು ಯಾದಗಿರಿ ಜಿಲ್ಲೆಯ ವಡಗೇರಾ ತಾಲೂಕಿನಲ್ಲಿದೆ. ನನ್ನ ತಾಯಿಗೆ ಅರವತ್ತು ದಾಟಿದೆ. 2020ರ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಅವರು ಅಭ್ಯರ್ಥಿಯ ಕಡೆಯವರು ಬರೆದುಕೊಟ್ಟ ಚೀಟಿಯನ್ನು ಮಾತ್ರ ಹಿಡಿದುಕೊಂಡು ಹೋಗಿದ್ದರು. "ಕಾರ್ಡ್ ಇಲ್ಲದೆ ಆಗುವುದಿಲ್ಲ" ಎಂದು ಮತಗಟ್ಟೆಯಿಂದ ವಾಪಸ್ ಕಳಿಸಿದರು, ಅವರು ಮತ್ತೆ ಹೋಗಲಿಲ್ಲ. ಅವರ ಹಳೆಯ ಓಟಿನ ಕಾರ್ಡಿನಲ್ಲಿ ಗುಲ್ಬರ್ಗಾ ಜಿಲ್ಲೆ, ಶಹಾಪುರ ತಾಲೂಕು ಎಂದಿದೆ. ಹೆಸರು ಕೂಡ ಆಧಾರ್‌ನಲ್ಲಿ ಇರುವಂತೆ ಇಲ್ಲ. ನಾನು ವರ್ಷದಲ್ಲಿ ಎಂಟು ತಿಂಗಳು ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಇರುತ್ತೇನೆ. ಸ್ಥಳೀಯ ಚುನಾವಣೆಯಲ್ಲಿ ನಮ್ಮಿಬ್ಬರಿಗೂ ಓಟಿನ ಕಾರ್ಡ್ ಕಡ್ಡಾಯವೇ? ಆಧಾರ್ ತೋರಿಸಿದರೆ ಸಾಕೇ?

ಉತ್ತರ: ಓಟಿನ ಕಾರ್ಡ್, ಅಂದರೆ ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿ, ಕೈಯಲ್ಲಿದ್ದರೆ ಒಳ್ಳೆಯದು. ಅದಿಲ್ಲದ ಮಾತ್ರಕ್ಕೆ ನಿಮ್ಮ ತಾಯಿಯವರ ಮತದಾನದ ಹಕ್ಕು ಹೋಗುವುದಿಲ್ಲ. ಚುನಾವಣಾ ಆಯೋಗವು ಒಪ್ಪಿಕೊಂಡಿರುವ, ಭಾವಚಿತ್ರವಿರುವ ಬೇರೆ ಯಾವುದಾದರೂ ಒಂದು ದಾಖಲೆಯನ್ನು ತೋರಿಸಿದರೂ ಮತ ಹಾಕಬಹುದು. ಆದರೆ ನಿಮ್ಮ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ, ಮತ್ತು ನಮ್ಮ ಭಾಗದಲ್ಲಿ ಜನರು ಮತ ಕಳೆದುಕೊಳ್ಳುವುದು ಹೆಚ್ಚಾಗಿ ಅದರಿಂದಲೇ. ಮತಗಟ್ಟೆಯಲ್ಲಿ ಪರೀಕ್ಷೆಗೆ ಒಳಗಾಗುವ ಸಂಗತಿಗಳು ಎರಡು. ಆ ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರು ಇದೆಯೇ ಎಂಬುದು ಮೊದಲನೆಯದು. ಎದುರಿಗೆ ನಿಂತಿರುವವರು ಆ ಹೆಸರಿನವರೇ ಹೌದೇ ಎಂಬುದು ಎರಡನೆಯದು. ಓಟಿನ ಕಾರ್ಡ್, ಆಧಾರ್, ಪಾಸ್‌ಬುಕ್ ಇವೆಲ್ಲವೂ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತವೆ. ಪಟ್ಟಿಯಲ್ಲಿ ಹೆಸರಿಲ್ಲದವರು ಹತ್ತು ದಾಖಲೆ ತಂದರೂ ಮತ ಹಾಕಲಾರರು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಅಂಗೀಕೃತ ದಾಖಲೆ ಒಂದೇ ಇದ್ದರೂ ಸಾಕು.

ಸ್ಥಳೀಯ ಚುನಾವಣೆಗಳ ಹೊಣೆ ಯಾರದೆಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಗೊಂದಲ ಶುರುವಾಗುವುದು ಅಲ್ಲಿಂದಲೇ. ವಿಧಾನಸಭೆ ಮತ್ತು ಲೋಕಸಭೆಯ ಚುನಾವಣೆಗಳನ್ನು ಸಂವಿಧಾನದ 324ನೇ ವಿಧಿಯಂತೆ ಭಾರತ ಚುನಾವಣಾ ಆಯೋಗ ನಡೆಸುತ್ತದೆ. ಗ್ರಾಮ, ತಾಲೂಕು, ಜಿಲ್ಲಾ ಪಂಚಾಯತಿಗಳ ಮತ್ತು ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಗಳ ಚುನಾವಣೆಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. 73 ಮತ್ತು 74ನೇ ತಿದ್ದುಪಡಿಗಳಿಂದ 243-ಕೆ ಮತ್ತು 243-ಝಡ್‌ಎ ವಿಧಿಗಳು ಬಂದ ಮೇಲೆ ಹುಟ್ಟಿದ ಸಂಸ್ಥೆ ಅದು. ತನ್ನ ಕ್ಷೇತ್ರದಲ್ಲಿ ಅದು ಭಾರತ ಚುನಾವಣಾ ಆಯೋಗದಷ್ಟೇ ಸ್ವತಂತ್ರವಾದುದೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಹೇಳಿದೆ. ಹೀಗಾಗಿ ಗುರುತಿನ ದಾಖಲೆಗಳ ಬಗೆಗೂ ರಾಜ್ಯ ಆಯೋಗವು ತನ್ನದೇ ಆದೇಶ ಹೊರಡಿಸುತ್ತದೆ. ವಿಧಾನಸಭೆಗೆ ನಡೆದದ್ದು ಪಂಚಾಯತಿಗೂ ಹಾಗೆಯೇ ನಡೆಯುತ್ತದೆಂದು ಊಹಿಸಬಾರದು. ನಮ್ಮ ಭಾಗದಲ್ಲೇ ಇದಕ್ಕೊಂದು ಉದಾಹರಣೆಯಿದೆ: 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯತಿ ಚುನಾವಣೆ ನಡೆದಾಗ ಬೀದರ ಜಿಲ್ಲೆಯಲ್ಲಿ ಮತಯಂತ್ರ ಬಳಸಿದರು, ಕಲಬುರಗಿ ಮತ್ತು ಯಾದಗಿರಿಯಲ್ಲಿ ಮತಪತ್ರವೇ ಇತ್ತು.

ಮತದಾರರ ಪಟ್ಟಿಯ ವಿಷಯದಲ್ಲಿ ಮಾತ್ರ ಎರಡೂ ಆಯೋಗಗಳ ಕೆಲಸ ಒಂದಕ್ಕೊಂದು ಹೆಣೆದುಕೊಂಡಿದೆ. ಆಯಾ ಪ್ರದೇಶದ ವಿಧಾನಸಭಾ ಮತದಾರರ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು, ಅದನ್ನು ವಾರ್ಡುವಾರು ಬಿಡಿಸಿ ಪಂಚಾಯತಿಯ ಪಟ್ಟಿ ಮಾಡುವುದು ಇಲ್ಲಿಯವರೆಗಿನ ರೂಢಿ. ಹೀಗೆ ಬಿಡಿಸುವಾಗ ಒಂದು ಓಣಿಯ ಅರ್ಧ ಮನೆಗಳು ಈ ವಾರ್ಡಿಗೂ ಉಳಿದರ್ಧ ಆ ವಾರ್ಡಿಗೂ ಹಂಚಿಹೋಗುವುದುಂಟು, ಗಂಡನ ಹೆಸರು ಒಂದು ಕಡೆ, ಹೆಂಡತಿಯ ಹೆಸರು ಇನ್ನೊಂದು ಕಡೆ ಸೇರುವುದೂ ಉಂಟು. ವಿಧಾನಸಭೆಯ ಪಟ್ಟಿಯಲ್ಲಿ ಹೆಸರು ನೋಡಿ ಸಮಾಧಾನಪಟ್ಟುಕೊಂಡವರು ಪಂಚಾಯತಿ ಮತದಾನದ ದಿನ ತಮ್ಮ ವಾರ್ಡಿನ ಮತಗಟ್ಟೆಯಲ್ಲಿ ಹೆಸರು ಕಾಣದೆ ಪೇಚಾಡುವುದು ಇದರಿಂದಲೇ. ಕರಡು ಪಟ್ಟಿಯನ್ನು ಗ್ರಾಮ ಪಂಚಾಯತಿ ಕಚೇರಿಯಲ್ಲಿ ಮತ್ತು ತಹಶೀಲ್ದಾರರ ಕಚೇರಿಯಲ್ಲಿ ಪ್ರಕಟಿಸಿದಾಗ ಹೋಗಿ ನೋಡಬೇಕಾದದ್ದು ಆ ಕಾರಣಕ್ಕೆ. ನಾಮಪತ್ರದ ಹಂತ ದಾಟಿದ ಮೇಲೆ ಸೇರ್ಪಡೆಗೆ ದಾರಿಯಿಲ್ಲ.

ಕಾರ್ಡ್ ಇದ್ದರೂ ಹೆಸರು ಹೋಗಿರಬಹುದು ಎಂಬ ಮಾತು ಕೆಲವರಿಗೆ ಅತಿಶಯೋಕ್ತಿ ಅನಿಸುತ್ತದೆ. ಪಕ್ಕದ ಆಳಂದ ವಿಧಾನಸಭಾ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮುನ್ನ, ಹೆಸರು ತೆಗೆದುಹಾಕಿರೆಂದು ಕೋರುವ ನಮೂನೆ-7ರ 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದಿದ್ದವು. ಮನೆಮನೆಗೆ ಹೋಗಿ ಪರಿಶೀಲಿಸಿದಾಗ ಸರಿಯೆಂದು ಕಂಡದ್ದು 24 ಮಾತ್ರ. ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಿ ಪೊಲೀಸರಿಗೆ ದೂರು ಕೊಡಲಾಯಿತು. ಅಲ್ಲಿ ಪರಿಶೀಲನೆ ನಡೆದದ್ದರಿಂದ ಆ ಹೆಸರುಗಳು ಉಳಿದವು. ಆ ಮತದಾರರ ಪೆಟ್ಟಿಗೆಯಲ್ಲಿ ಓಟಿನ ಕಾರ್ಡ್ ಭದ್ರವಾಗಿಯೇ ಇತ್ತು ಎಂಬುದನ್ನು ನೆನಪಿಡಿ. ಆದ್ದರಿಂದ ಚುನಾವಣೆಯ ಸುದ್ದಿ ಕೇಳಿಬಂದ ಕೂಡಲೇ ನಿಮ್ಮ ಊರಿನ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಬಳಿ, ಸಾಮಾನ್ಯವಾಗಿ ಶಾಲೆಯ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ, ನಿಮ್ಮಿಬ್ಬರ ಹೆಸರು ಯಾವ ಭಾಗದಲ್ಲಿ, ಯಾವ ಕ್ರಮಸಂಖ್ಯೆಯಲ್ಲಿ ಇದೆಯೆಂದು ನೋಡಿ ಬರೆದಿಟ್ಟುಕೊಳ್ಳಿ. 1950 ಸಂಖ್ಯೆಗೆ ಕರೆ ಮಾಡಿಯೂ ವಿಧಾನಸಭಾ ಪಟ್ಟಿಯ ಮಾಹಿತಿ ಪಡೆಯಬಹುದು.

ಇನ್ನು ಗುರುತಿನ ದಾಖಲೆಯ ವಿಷಯಕ್ಕೆ ಬರುತ್ತೇನೆ. ಭಾರತ ಚುನಾವಣಾ ಆಯೋಗವು ತನ್ನ ಚುನಾವಣೆಗಳಿಗೆ ಓಟಿನ ಕಾರ್ಡಿನ ಬದಲಾಗಿ ಹನ್ನೆರಡು ದಾಖಲೆಗಳನ್ನು ಒಪ್ಪುತ್ತದೆ: ಆಧಾರ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್, ಬ್ಯಾಂಕ್ ಅಥವಾ ಅಂಚೆ ಕಚೇರಿಯ ಭಾವಚಿತ್ರವಿರುವ ಪಾಸ್‌ಬುಕ್, ವಾಹನ ಚಾಲನಾ ಪರವಾನಗಿ, ಪ್ಯಾನ್ ಕಾರ್ಡ್, ಪಾಸ್‌ಪೋರ್ಟ್, ಭಾವಚಿತ್ರವಿರುವ ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಕಾರ್ಡ್, ಸರ್ಕಾರಿ ನೌಕರರ ಗುರುತಿನ ಚೀಟಿ ಮೊದಲಾದವು. ರಾಜ್ಯ ಚುನಾವಣಾ ಆಯೋಗವು ಪ್ರತಿ ಚುನಾವಣೆಗೂ ಇಂಥದ್ದೇ ಪಟ್ಟಿಯೊಂದನ್ನು ತನ್ನ ಆದೇಶದಲ್ಲಿ ಕೊಡುತ್ತದೆ. ಅದನ್ನು ಚುನಾವಣಾಧಿಕಾರಿಯ ಸೂಚನಾ ಫಲಕದಲ್ಲಿ ಓದಿ, ಅಥವಾ ಪಂಚಾಯತಿಯ ಪಿಡಿಒ ಅವರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು. ನನ್ನ ಸಲಹೆ ಇಷ್ಟೇ: ಹಳೆಯದಾದರೂ ಓಟಿನ ಕಾರ್ಡ್, ಅದರ ಜೊತೆಗೆ ಭಾವಚಿತ್ರವಿರುವ ಇನ್ನೊಂದು ದಾಖಲೆ, ಈ ಎರಡನ್ನೂ ತಾಯಿಯವರ ಕೈಯಲ್ಲಿ ಕೊಟ್ಟು ಕಳಿಸಿ. ಮೂಲ ಪ್ರತಿಯೇ ಇರಲಿ, ಜೆರಾಕ್ಸ್ ಬೇಡ. ಮೊಬೈಲಿನಲ್ಲಿರುವ ಚಿತ್ರವನ್ನೂ ನಂಬಿಕೊಳ್ಳಬೇಡಿ, ಮತಗಟ್ಟೆಯೊಳಗೆ ಮೊಬೈಲ್ ಬಳಸಲು ಬಿಡುವುದಿಲ್ಲ.

2020ರಲ್ಲಿ ನಿಮ್ಮ ತಾಯಿಯವರ ಕೈಯಲ್ಲಿದ್ದ ಚೀಟಿಯ ಬಗ್ಗೆ ಹೇಳಬೇಕು. ಅಭ್ಯರ್ಥಿಯ ಕಡೆಯವರು ಕೊಡುವ ಆ ತುಂಡು ಕಾಗದದಲ್ಲಿ ಕ್ರಮಸಂಖ್ಯೆ ಮತ್ತು ಹೆಸರು ಮಾತ್ರ ಇರುತ್ತದೆ. ಪಟ್ಟಿಯಲ್ಲಿ ಬೇಗ ಹುಡುಕುವುದಕ್ಕೆ ಅದು ಅನುಕೂಲ, ಗುರುತಿಗೆ ಅದು ಆಧಾರವಾಗದು. ಬಿಎಲ್‌ಒ ಮನೆಗೆ ಬಂದು ಕೊಡುವ ಅಧಿಕೃತ ಮತದಾರರ ಚೀಟಿ ಕೂಡ ಗುರುತಿನ ದಾಖಲೆಯಲ್ಲ. ಒಂದು ಕಾಲಕ್ಕೆ ಭಾವಚಿತ್ರವಿದ್ದ ಆ ಚೀಟಿಯನ್ನೇ ದಾಖಲೆಯಾಗಿ ಒಪ್ಪುತ್ತಿದ್ದರು, 2019ರ ಲೋಕಸಭಾ ಚುನಾವಣೆಗೆ ಮುಂಚೆ ಭಾರತ ಚುನಾವಣಾ ಆಯೋಗವು ಅದನ್ನು ನಿಲ್ಲಿಸಿತು. ಹಳೆಯ ಪದ್ಧತಿಯ ನೆನಪಿನಲ್ಲಿ ಇಂದಿಗೂ ಎಷ್ಟೋ ಹಿರಿಯರು ಚೀಟಿಯೊಂದನ್ನೇ ಹಿಡಿದು ಬರುತ್ತಾರೆ. ಆ ದಿನ ಅಧಿಕಾರಿ ಚೀಟಿಯನ್ನು ಒಪ್ಪದಿದ್ದದ್ದು ಸರಿ. ಆದರೆ "ಮನೆಗೆ ಹೋಗಿ ಆಧಾರ್ ಆದರೂ, ಬ್ಯಾಂಕಿನ ಪುಸ್ತಕವಾದರೂ ತನ್ನಿ, ಸಂಜೆಯವರೆಗೆ ಸಮಯವಿದೆ" ಎಂದು ಅವರಿಗೆ ಹೇಳದೆ ಕಳಿಸಿದ್ದು ಸರಿಯಲ್ಲ. ಮತಗಟ್ಟೆಗಳಲ್ಲಿ ಅಧ್ಯಕ್ಷಾಧಿಕಾರಿಯಾಗಿ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿಯಾಗಿ, ಆಮೇಲೆ ಸಿಬ್ಬಂದಿಗೆ ತರಬೇತಿ ಕೊಡುವವನಾಗಿ ಕೆಲಸ ಮಾಡಿದ ನಾನು ಇದನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ. ಆ ಒಂದು ಮಾತು ಹೇಳಿದ್ದರೆ ಅವರ ಮತ ಉಳಿಯುತ್ತಿತ್ತು. ಮತದಾನ ಮುಗಿಯುವ ಹೊತ್ತಿಗೆ ಸಾಲಿನಲ್ಲಿ ನಿಂತವರಿಗೆಲ್ಲ ಅಧ್ಯಕ್ಷಾಧಿಕಾರಿಯು ಸಹಿ ಮಾಡಿದ ಚೀಟಿಗಳನ್ನು ಹಂಚಿ ಮತ ಹಾಕಿಸುವ ನಿಯಮವೂ ಇದೆ.

ಹೆಸರು ಮತ್ತು ವಿಳಾಸದ ವ್ಯತ್ಯಾಸದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಕಲ್ಯಾಣ ಕರ್ನಾಟಕದಲ್ಲಿ ಈ ತೊಡಕು ಮನೆಮನೆಯದು. ಯಾದಗಿರಿಯು ಗುಲ್ಬರ್ಗಾದಿಂದ ಬೇರೆಯಾಗಿ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ. ಗುಲ್ಬರ್ಗಾ ಎಂಬ ಹೆಸರು ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಅದರ ನಂತರ ಶಹಾಪುರದಿಂದ ವಡಗೇರಾ, ಸುರಪುರದಿಂದ ಹುಣಸಗಿ ಹೊಸ ತಾಲೂಕುಗಳಾದವು. ಕಲಬುರಗಿ ಜಿಲ್ಲೆಯಲ್ಲಿ ಕಾಳಗಿ, ಕಮಲಾಪುರ, ಯಡ್ರಾಮಿ, ಶಹಾಬಾದ್, ಬೀದರ ಜಿಲ್ಲೆಯಲ್ಲಿ ಚಿಟಗುಪ್ಪ, ಹುಲಸೂರ, ಕಮಲನಗರ ಹಾಗೆಯೇ ಆದವು. ನಿಮ್ಮ ತಾಯಿಯವರು ಮನೆ ಬದಲಿಸದೆ, ಊರು ಬಿಡದೆ, ಇದ್ದಲ್ಲಿಯೇ ಇದ್ದು ಜಿಲ್ಲೆಯನ್ನೂ ತಾಲೂಕನ್ನೂ ಬದಲಿಸಿಕೊಂಡಿದ್ದಾರೆ. ಅವರ ಕಾರ್ಡಿನಲ್ಲಿ "ಗುಲ್ಬರ್ಗಾ ಜಿಲ್ಲೆ, ಶಹಾಪುರ ತಾಲೂಕು" ಎಂದಿರುವುದು ಕಾರ್ಡಿನ ದೋಷವಲ್ಲ, ಅದನ್ನು ಅಚ್ಚು ಹಾಕಿದ ದಿನಕ್ಕೆ ಅದೇ ಸರಿಯಾಗಿತ್ತು. ಬೇರೆ ಕ್ಷೇತ್ರದ ನೋಂದಣಾಧಿಕಾರಿ ಕೊಟ್ಟ ಕಾರ್ಡಾಗಿದ್ದರೂ, ಮತದಾರರ ಹೆಸರು ಈಗಿನ ಮತಗಟ್ಟೆಯ ಪಟ್ಟಿಯಲ್ಲಿದ್ದರೆ ಆ ಕಾರ್ಡನ್ನು ಒಪ್ಪಬೇಕೆಂದು ಭಾರತ ಚುನಾವಣಾ ಆಯೋಗದ ಸೂಚನೆಗಳೇ ಹೇಳುತ್ತವೆ.

ಹೆಸರಿನ ಕಾಗುಣಿತವೂ ಹೀಗೆಯೇ. ನಮ್ಮ ಕಡೆ ದಾಖಲೆಗಳಲ್ಲಿ ಹೆಂಗಸರ ಹೆಸರಿನ ಮುಂದೆ "ಗಂಡ" ಎಂದು ಬರೆದು ಗಂಡನ ಹೆಸರನ್ನು ಸೇರಿಸುತ್ತಾರೆ. ಆಧಾರ್ ಮಾಡಿಸುವಾಗ ಆ "ಗಂಡ" ಬಿಟ್ಟುಹೋಗಿ ಎರಡೂ ಹೆಸರು ಕೂಡಿಕೊಂಡು ಒಂದೇ ಹೆಸರಾಗುತ್ತದೆ. ಊರಿನಲ್ಲಿ ಹಣಮಂತ ಎನಿಸಿಕೊಂಡವರು ಒಂದು ದಾಖಲೆಯಲ್ಲಿ ಹನುಮಂತ, ಇನ್ನೊಂದರಲ್ಲಿ ಹನಮಂತಪ್ಪ ಆಗುತ್ತಾರೆ. ಮಹಿಬೂಬ ಎಂಬ ಹೆಸರನ್ನು ಮೈಬೂಬ, ಮೆಹಬೂಬ ಎಂದು ಮೂರು ಬಗೆಯಲ್ಲಿ ಬರೆದ ಮೂರು ದಾಖಲೆಗಳು ಒಬ್ಬರ ಬಳಿಯೇ ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕನ್ನಡದ ಹೆಸರು ಇಂಗ್ಲಿಷಿಗೆ ಹೋಗಿ ಮತ್ತೆ ಕನ್ನಡಕ್ಕೆ ಮರಳುವಾಗ ಣ-ನ, ಳ-ಲ ಬದಲಾಗುವುದು ಸಹಜ. ಇಂಥ ಸಣ್ಣ ವ್ಯತ್ಯಾಸಗಳನ್ನು, ವ್ಯಕ್ತಿಯ ಗುರುತು ಸಿಗುವಂತಿದ್ದರೆ, ಕಡೆಗಣಿಸಬೇಕೆಂಬುದೇ ಆಯೋಗದ ಸೂಚನೆ. ಕಾರ್ಡಿನಲ್ಲಿರುವ ಭಾವಚಿತ್ರವೇ ಬೇರೆಯವರದಾಗಿದ್ದರೆ, ಅಥವಾ ಮುಖವೇ ಕಾಣದಷ್ಟು ಅಳಿಸಿಹೋಗಿದ್ದರೆ, ಆಗ ಮಾತ್ರ ಇನ್ನೊಂದು ದಾಖಲೆ ಕೇಳಬೇಕು.

ಚಿಂಚೋಳಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಮತಗಟ್ಟೆ ಇದ್ದಾಗ ಕಂಡದ್ದೊಂದು ನೆನಪಾಗುತ್ತದೆ. ಎಪ್ಪತ್ತರ ಆಸುಪಾಸಿನ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆ ಪ್ಲಾಸ್ಟಿಕ್ ಹಾಳೆಯೊಳಗಿಂದ ಕಾರ್ಡ್ ತೆಗೆದರು. ಲ್ಯಾಮಿನೇಷನ್ ಸೀಳಿ ನೀರು ಒಳಗೆ ಹೋಗಿತ್ತು, ಮುಖವಿದ್ದ ಜಾಗದಲ್ಲಿ ಕಂದು ಕಲೆ. ಮೊದಲ ಮತಗಟ್ಟೆ ಅಧಿಕಾರಿ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು, ಪಟ್ಟಿಯಲ್ಲಿದ್ದ ಭಾವಚಿತ್ರ ನೋಡಿದರು, ತಾಯಿಯ ಮುಖ ನೋಡಿದರು. ಆಮೇಲೆ "ಅವ್ವಾ, ಬೇರೆ ಏನಾರ ಕಾಗದ ಅದಾವೇನು?" ಎಂದು ಕೇಳಿದರು. ಅದೇ ಪ್ಲಾಸ್ಟಿಕ್ಕಿನ ಒಳಮಡಿಕೆಯಲ್ಲಿ ಬ್ಯಾಂಕಿನ ಪಾಸ್‌ಬುಕ್ ಇತ್ತು. ಅಧಿಕಾರಿ ಕ್ರಮಸಂಖ್ಯೆಯನ್ನೂ ಹೆಸರನ್ನೂ ಗಟ್ಟಿಯಾಗಿ ಓದಿದರು, ಅಭ್ಯರ್ಥಿಗಳ ಪರವಾಗಿ ಕೂತಿದ್ದ ಏಜೆಂಟರು ಆಕ್ಷೇಪ ಎತ್ತಲಿಲ್ಲ, ಪಟ್ಟಿಯಲ್ಲಿ ಗುರುತು ಬಿತ್ತು, ಎಡಗೈ ಬೆರಳಿಗೆ ಮೈಸೂರಿನಲ್ಲಿ ತಯಾರಾದ ಅಳಿಸದ ಶಾಯಿ ಬಿತ್ತು. ಎರಡು ನಿಮಿಷವೂ ಹಿಡಿಯಲಿಲ್ಲ. ಮತಗಟ್ಟೆ ಅಧಿಕಾರಿಯ ಕೆಲಸ ಮನುಷ್ಯರನ್ನು ಗುರುತಿಸುವುದು. ದಾಖಲೆಯ ಕಾಗುಣಿತ ತಿದ್ದುವುದು ಅವರ ಕೆಲಸವಲ್ಲ. ಈ ಮಾತನ್ನು ತರಬೇತಿಯಲ್ಲಿ ನಾನು ಪ್ರತಿ ಸಲ ಹೇಳಿದ್ದೇನೆ.

ಆಧಾರ್ ತೋರಿಸಿದರೆ ಬೆರಳಚ್ಚು ಕೇಳುತ್ತಾರೆ ಎಂಬ ಅಂಜಿಕೆ ಹಿರಿಯರಲ್ಲಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಯಂತ್ರವು ಬೆರಳನ್ನು ಹಿಡಿಯದೆ ವಾಪಸಾದ ಅನುಭವವಿರುವವರಿಗೆ ಹಾಗೆ ಅನಿಸುವುದು ಸಹಜ. ಮತಗಟ್ಟೆಯಲ್ಲಿ ಆಧಾರ್‌ನ ಯಂತ್ರ ಇರುವುದಿಲ್ಲ, ಕಾರ್ಡಿನ ಭಾವಚಿತ್ರವನ್ನು ಕಣ್ಣಿನಿಂದ ನೋಡುತ್ತಾರೆ, ಅಷ್ಟೇ. ಸಹಿ ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಮತಪತ್ರದ ಅಡಿಪ್ರತಿಗೆ ಅಥವಾ ರಿಜಿಸ್ಟರಿಗೆ ಮಾತ್ರ. ಬುರ್ಖಾ ಧರಿಸಿ ಬರುವ ಹೆಣ್ಣುಮಕ್ಕಳ ಗುರುತನ್ನು ಮಹಿಳಾ ಸಿಬ್ಬಂದಿಯೇ ಮರೆಯಲ್ಲಿ ನೋಡುವ ವ್ಯವಸ್ಥೆಯಿದೆ. ಕಲಬುರಗಿ, ಬೀದರದಂಥ ಕಡೆ ಇದನ್ನು ಮೊದಲೇ ತಿಳಿಸಿದರೆ ಅವರು ಸಂಕೋಚವಿಲ್ಲದೆ ಬರುತ್ತಾರೆ.

ಈಗ ನಿಮ್ಮ ವಿಷಯ. ದುಡಿಯಲು ಬೆಂಗಳೂರಿಗೋ ಪುಣೆಗೋ ಹೈದರಾಬಾದಿಗೋ ಹೋದವರ ಹೆಸರನ್ನು "ಊರಲ್ಲಿಲ್ಲ" ಎಂದು ಪಟ್ಟಿಯಿಂದ ತೆಗೆದುಬಿಡಬಹುದೇ ಎಂಬ ಅನುಮಾನ ನಮ್ಮ ಜಿಲ್ಲೆಗಳಲ್ಲಿ ದೊಡ್ಡದು. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಮು ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ: ವಾಸದ ಊರನ್ನು ತಾತ್ಕಾಲಿಕವಾಗಿ ಬಿಟ್ಟು ಹೋದ ಮಾತ್ರಕ್ಕೆ ಯಾರೂ ಆ ಊರಿನ ನಿವಾಸಿ ಅಲ್ಲವೆಂದಾಗುವುದಿಲ್ಲ. ಮನೆ, ತಾಯಿ, ಹೊಲ ಎಲ್ಲವೂ ಊರಿನಲ್ಲಿದ್ದು ದುಡಿಮೆಗೆ ಹೋಗಿ ಬರುವ ನೀವು ಊರಿನ ಮತದಾರರೇ. ಆದರೆ ಅದೇ ಕಾಯ್ದೆಯ 17 ಮತ್ತು 18ನೇ ಕಲಮುಗಳಂತೆ ಹೆಸರು ಒಂದೇ ಕಡೆ ಇರಬೇಕು. ಬೆಂಗಳೂರಿನಲ್ಲಿ ಯಾರಾದರೂ ನಿಮ್ಮ ಆಧಾರ್ ಪಡೆದು ಅಲ್ಲಿ ಹೆಸರು ಸೇರಿಸುತ್ತೇವೆಂದರೆ ಯೋಚಿಸಿ ಒಪ್ಪಿಕೊಳ್ಳಿ, ಎರಡು ಕಡೆ ಹೆಸರಿಟ್ಟುಕೊಂಡು ಸುಳ್ಳು ಘೋಷಣೆ ಮಾಡುವುದು 31ನೇ ಕಲಮಿನಂತೆ ಒಂದು ವರ್ಷದವರೆಗೆ ಶಿಕ್ಷೆಗೆ ಗುರಿಯಾಗುವ ಅಪರಾಧ. ಇನ್ನೊಂದು ಮಾತು: ಮನೆಗೆ ಬೀಗ ಹಾಕಿರುವವರ, ಊರು ಬಿಟ್ಟವರ ಹೆಸರುಗಳನ್ನು ಗೈರುಹಾಜರಾದವರು, ಸ್ಥಳಾಂತರಗೊಂಡವರು, ಮೃತರು ಎಂಬ ಪ್ರತ್ಯೇಕ ಪಟ್ಟಿಯಲ್ಲಿ ಗುರುತು ಹಾಕಿ ಮತಗಟ್ಟೆಗೆ ಕೊಡುವ ಪದ್ಧತಿ ವಿಧಾನಸಭೆ, ಲೋಕಸಭೆಯ ಚುನಾವಣೆಗಳಲ್ಲಿದೆ. ಆ ಪಟ್ಟಿಯಲ್ಲಿರುವವರಿಗೂ ಮತ ಹಾಕುವ ಹಕ್ಕಿದೆ, ಪರಿಶೀಲನೆ ಮಾತ್ರ ಹೆಚ್ಚು ಬಿಗಿ. ಹಾಗಾಗಿ ಊರಿಗೆ ಬಂದು ಮತ ಹಾಕುವ ನಿಮ್ಮಂಥವರ ಬಳಿ ಓಟಿನ ಕಾರ್ಡ್ ಇರುವುದು ಉಳಿದವರಿಗಿಂತ ಹೆಚ್ಚು ಅಗತ್ಯ.

ಗ್ರಾಮ ಪಂಚಾಯತಿಯಲ್ಲಿ ಗುರುತಿನ ಬಗ್ಗೆ ಇಷ್ಟು ಬಿಗಿ ಏಕೆಂದು ನಿಮಗೆ ಅನಿಸಬಹುದು, ಎಲ್ಲರೂ ಎಲ್ಲರಿಗೂ ಗೊತ್ತಿರುವ ಊರಲ್ಲವೇ ಎಂದು. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯನೆಂಬ ಲೆಕ್ಕ ಅಲ್ಲಿಯದು, ಆದ್ದರಿಂದ ಎರಡು ಮೂರು ಮತಗಳಲ್ಲಿ ಸೋಲು ಗೆಲುವು ತೀರ್ಮಾನವಾಗುವುದು ಅಪರೂಪವಲ್ಲ. ಒಂದು ಹುಸಿ ಮತ ಬಿದ್ದರೂ ಫಲಿತಾಂಶ ಬದಲಾಗಬಹುದು. ಇನ್ನೊಬ್ಬರ ಹೆಸರಿನಲ್ಲಿ ಮತ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 172ನೇ ಕಲಮಿನಂತೆ ಅಪರಾಧ, 174ನೇ ಕಲಮಿನಂತೆ ಅದಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ. ಏಜೆಂಟರು ಯಾರ ಗುರುತಿನ ಬಗ್ಗೆಯಾದರೂ ಆಕ್ಷೇಪ ಎತ್ತಿದರೆ ಅಧ್ಯಕ್ಷಾಧಿಕಾರಿ ಅಲ್ಲಿಯೇ ವಿಚಾರಣೆ ಮಾಡಿ ತೀರ್ಮಾನಿಸಬೇಕು. ಏಜೆಂಟರ ಗದ್ದಲಕ್ಕೆ ಹೆದರಿ ಸಾಲು ಬಿಟ್ಟು ಹೋಗಬೇಡಿರೆಂದು ತಾಯಿಯವರಿಗೆ ಹೇಳಿ.

ಮತಗಟ್ಟೆಗೆ ಹೋದಾಗ "ನಿಮ್ಮ ಮತ ಆಗಲೇ ಬಿದ್ದಿದೆ" ಎಂದರೆ ಏನು ಮಾಡಬೇಕೆಂಬುದನ್ನೂ ತಿಳಿದಿರಬೇಕು. ಅಧ್ಯಕ್ಷಾಧಿಕಾರಿಯ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಟ್ಟು ಗುರುತು ಸಾಬೀತುಪಡಿಸಿದವರಿಗೆ ಟೆಂಡರ್ ಮತಪತ್ರ ಎಂಬ ಬೇರೆ ಮತಪತ್ರ ಕೊಡಬೇಕು. ಅದನ್ನು ಪ್ರತ್ಯೇಕ ಲಕೋಟೆಯಲ್ಲಿಟ್ಟು ಮುದ್ರೆ ಹಾಕುತ್ತಾರೆ. ಮತ ಎಣಿಕೆಯಲ್ಲಿ ಅದು ಸೇರುವುದಿಲ್ಲ, ಆದರೆ ಫಲಿತಾಂಶವು ನ್ಯಾಯಾಲಯದ ಮೆಟ್ಟಿಲೇರಿದರೆ ಅದೇ ಮುಖ್ಯ ಸಾಕ್ಷ್ಯ. ಇಂಥ ಸಂದರ್ಭದಲ್ಲಿ ಭಾವಚಿತ್ರವಿರುವ ದಾಖಲೆ ಕೈಯಲ್ಲಿ ಇದ್ದವರ ಮಾತಿಗೇ ಬಲ.

ತಾಯಿಯವರ ಕಾರ್ಡನ್ನು ಸರಿಪಡಿಸಲು ಚುನಾವಣೆ ಬರುವವರೆಗೆ ಕಾಯಬೇಕಿಲ್ಲ. ನಮೂನೆ-8ರಲ್ಲಿ ತಿದ್ದುಪಡಿಯನ್ನೂ, ಹಾಳಾದ ಅಥವಾ ಕಳೆದ ಕಾರ್ಡಿನ ಬದಲಿಯನ್ನೂ ಕೇಳಬಹುದು. ಬಿಎಲ್‌ಒ ಬಳಿ ಅಥವಾ ವಡಗೇರಾ ತಹಶೀಲ್ದಾರರ ಕಚೇರಿಯ ಚುನಾವಣಾ ಶಾಖೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೆಸರನ್ನು ಆಧಾರ್‌ನಲ್ಲಿರುವಂತೆಯೇ ಬರೆಸುವುದೋ, ಊರಿನಲ್ಲಿ ಕರೆಯುವಂತೆ ಬರೆಸುವುದೋ ಎಂಬುದನ್ನು ತಾಯಿಯವರನ್ನೇ ಕೇಳಿ ತೀರ್ಮಾನಿಸಿ. ಯಾವುದೇ ಇರಲಿ, ಪಾಸ್‌ಬುಕ್ಕಿನಲ್ಲೂ ಪಿಂಚಣಿಯ ದಾಖಲೆಯಲ್ಲೂ ಅದೇ ಇರುವಂತೆ ನೋಡಿಕೊಳ್ಳಿ. ಹೊಸ ಕಾರ್ಡ್ ಅಂಚೆಯಲ್ಲಿ ಬರುವಾಗ ನೀವು ಬೆಂಗಳೂರಿನಲ್ಲಿ ಇರುತ್ತೀರಿ, ಆದ್ದರಿಂದ ಅರ್ಜಿಯಲ್ಲಿ ತಾಯಿಯವರ ಬಳಿ ಇರುವ ಮೊಬೈಲ್ ಸಂಖ್ಯೆಯನ್ನೇ ಬರೆಯಿರಿ. ಹಳೆಯ ಕಾರ್ಡನ್ನು ಅಲ್ಲಿಯವರೆಗೆ ಎಸೆಯಬೇಡಿ.